ಉಪಯೋಗಕ್ಕೆ ಬರುವವರು, ಬಾರದವರು: ಬೊಲೆಸ್ವಾಫ್ ಪ್ರೂಸ್‌ನ ಪತ್ರಿಕಾ ಅಂಕಣಗಳು

ಸಾಹಿತ್ಯದ ಉಪನ್ಯಾಸ ಅಂತ ಬಂದಿದ್ದೀರಿ. ನಾನು ಮಾತ್ರ ಚರಂಡಿಯಿಂದ ಶುರು ಮಾಡಬೇಕಾಗಿದೆ. ಬೇಸರ ಮಾಡಿಕೊಳ್ಳಬೇಡಿ.

1875ರ ವಾರ್ಸಾ. ಬೀದಿಯ ಬದಿಗಳಲ್ಲಿ ತೆರೆದ ಮೋರಿಗಳು. ಅಡುಗೆಮನೆಯ ಕೊಳಕು, ಅಂಗಳದ ಕೊಳಕು ಎಲ್ಲವೂ ಅದರಲ್ಲೇ ಹರಿದು ವಿಸ್ತುಲಾ ನದಿಗೆ ಸೇರುತ್ತಿತ್ತು. ಕುಡಿಯುವ ನೀರು ಬರುತ್ತಿದ್ದದ್ದೂ ಅದೇ ನದಿಯಿಂದ, ಇಲ್ಲವೇ ಅಂಗಳದ ಬಾವಿಯಿಂದ. ಆ ವರ್ಷ ನಗರದ ಅಧ್ಯಕ್ಷನಾಗಿ ಬಂದವನು ಸೊಕ್ರಾಟೆಸ್ ಸ್ಟಾರಿಂಕೆವಿಚ್ ಎಂಬ ರಷ್ಯನ್ ಜನರಲ್. ಪೋಲೆಂಡ್ ಆಗ ನಕ್ಷೆಯಲ್ಲೇ ಇರಲಿಲ್ಲ, ವಾರ್ಸಾ ರಷ್ಯದ ಝಾರ್ ಕೈಯಲ್ಲಿತ್ತು. ಈ ಜನರಲ್ ಹ್ಯಾಂಬರ್ಗ್‌ನಲ್ಲಿ ಕೆಲಸ ಮಾಡಿದ್ದ ಇಂಗ್ಲಿಷ್ ಎಂಜಿನಿಯರ್ ವಿಲಿಯಂ ಲಿಂಡ್ಲಿಯನ್ನು ಕರೆಸಿದ. ನೆಲದೊಳಗೆ ಚರಂಡಿ, ಶೋಧಿಸಿದ ನೀರು, ಎರಡಕ್ಕೂ ಯೋಜನೆ ಸಿದ್ಧವಾಯಿತು. 1881ರಲ್ಲಿ ಕೆಲಸ ಶುರುವಾಗಿ 1886ರಲ್ಲಿ ನೀರು ಬಂತು.

ಇದನ್ನು ಎಲ್ಲರೂ ಸ್ವಾಗತಿಸಿದರು ಅಂದುಕೊಂಡಿರಾ? ಇಲ್ಲ. ಮನೆ ಮಾಲೀಕರಿಗೆ ಖರ್ಚಿನ ಚಿಂತೆ. ಇಷ್ಟು ಗೊಬ್ಬರವನ್ನು ನದಿಗೆ ಬಿಟ್ಟರೆ ಹೊಲಕ್ಕೆ ಏನು ಹಾಕುವುದು ಅಂತ ಕೆಲವರ ವಾದ. ಮುಂದೆ ಇಡೀ ಚರಂಡಿ ವ್ಯವಸ್ಥೆಯೇ ಪೋಲಿಷ್ ಕೃಷಿಯನ್ನು ಹಾಳು ಮಾಡಲು ಯಹೂದಿಗಳು ಹೂಡಿದ ಪಿತೂರಿ ಎನ್ನುವ ಕಿರುಪುಸ್ತಕವೂ ಅಚ್ಚಾಯಿತು! ಈ ಗದ್ದಲದ ನಡುವೆ ಒಬ್ಬ ಅಂಕಣಕಾರ ಚರಂಡಿಯ ಪರವಾಗಿ ಬರೆಯುತ್ತಿದ್ದ. ನಗುನಗುತ್ತಲೇ ಬರೆಯುತ್ತಿದ್ದ, ಆದರೆ ಬಿಡದೆ ಬರೆಯುತ್ತಿದ್ದ. ಅವನೇ ಬೊಲೆಸ್ವಾಫ್ ಪ್ರೂಸ್. 'ಲಾಲ್ಕಾ' ಅಂದರೆ 'ಗೊಂಬೆ' ಎನ್ನುವ ಕಾದಂಬರಿ ಬರೆದವನು, ಹತ್ತೊಂಬತ್ತನೇ ಶತಮಾನದ ಪೋಲೆಂಡಿನ ದೊಡ್ಡ ಕಾದಂಬರಿಕಾರರಲ್ಲಿ ಒಬ್ಬ. ಇವತ್ತು ಅವನ ಕಾದಂಬರಿಗಳ ಬಗ್ಗೆ ಕಡಿಮೆ ಮಾತಾಡುತ್ತೇನೆ. ಹೊಟ್ಟೆಪಾಡಿಗಾಗಿ ಸುಮಾರು ನಲವತ್ತು ವರ್ಷ, ಆಗಾಗ ಬಿಡುವು ಕೊಟ್ಟು, ಬರೆದ ವಾರದ ಅಂಕಣಗಳ ಬಗ್ಗೆ ಜಾಸ್ತಿ ಮಾತಾಡುತ್ತೇನೆ. ಪೋಲಿಷ್‌ನಲ್ಲಿ ಅವನ್ನು 'ಕ್ರೊನಿಕಿ' ಅನ್ನುತ್ತಾರೆ. 1953ರಿಂದ 1970ರವರೆಗೆ ಅವು 20 ಸಂಪುಟಗಳಾಗಿ ಬಂದವು. ಕಾದಂಬರಿಗಳನ್ನೆಲ್ಲ ಒಟ್ಟಿಗೆ ಜೋಡಿಸಿಟ್ಟರೂ ಕಪಾಟಿನಲ್ಲಿ ಅಷ್ಟು ಜಾಗ ಹಿಡಿಯುವುದಿಲ್ಲ.

ಪ್ರೂಸ್ ಎನ್ನುವುದು ಅವನ ನಿಜ ಹೆಸರಲ್ಲ. ಅಲೆಕ್ಸಾಂಡರ್ ಗ್ವೊವಾಟ್ಸ್ಕಿ ಅಂತ ಹೆಸರು. 1847ರಲ್ಲಿ ಹ್ರುಬಿಯೆಶುಫ್ ಎಂಬ ಊರಿನಲ್ಲಿ ಹುಟ್ಟಿದ. ಮನೆತನದ ಲಾಂಛನದ ಹೆಸರು ಪ್ರೂಸ್. ಪತ್ರಿಕೆಗೆ ಬರೆಯುವ ಹಗುರ ಬರಹಕ್ಕೆ ಅದನ್ನು ಹಾಕಿಕೊಂಡ. ನಿಜ ಹೆಸರನ್ನು ಮುಂದೆಂದೋ ಬರೆಯಲಿರುವ ಗಂಭೀರ ಕೃತಿಗಳಿಗೆ ಅಂತ ಎತ್ತಿಟ್ಟಿದ್ದ. ಕೊನೆಗೆ ಉಳಿದದ್ದು ಯಾವ ಹೆಸರು ಅಂತ ನಿಮಗೇ ಗೊತ್ತಾಗುತ್ತಿದೆ.

ಮೂರು ವರ್ಷಕ್ಕೆ ತಾಯಿ ಹೋದರು, ಒಂಬತ್ತಕ್ಕೆ ತಂದೆ. ಹದಿಮೂರು ವರ್ಷ ದೊಡ್ಡವನಾದ ಅಣ್ಣ ಲಿಯೊನ್ ಮತ್ತು ನೆಂಟರ ಆಸರೆಯಲ್ಲಿ ಬೆಳೆದ. 1863ರಲ್ಲಿ ರಷ್ಯದ ವಿರುದ್ಧ ದಂಗೆ ಎದ್ದಾಗ ಶಾಲೆ ಬಿಟ್ಟು ಓಡಿದ. ಹದಿನಾರು ತುಂಬಿ ಹನ್ನೆರಡೇ ದಿನಕ್ಕೆ, ಸೆಪ್ಟೆಂಬರ್ 1ರಂದು, ಶೆಡ್ಲ್‌ಸೆ ಹತ್ತಿರದ ಒಂದು ಹಳ್ಳಿಯ ಬಳಿ ಕಾದಾಟದಲ್ಲಿ ಕುತ್ತಿಗೆಗೆ ಪೆಟ್ಟು ಬಿತ್ತು, ಮದ್ದಿನ ಪುಡಿಯಿಂದ ಕಣ್ಣಿಗೂ ಏಟಾಯಿತು. ಸೆರೆ ಸಿಕ್ಕ. ಮುಂದೆ ಲುಬ್ಲಿನ್ ಕೋಟೆಯ ಜೈಲಿನಲ್ಲೂ ಇದ್ದ. ಅಣ್ಣ ಲಿಯೊನ್‌ಗೆ ಬುದ್ಧಿಭ್ರಮಣೆಯಾಯಿತು, ಅದು ಹೋಗಲೇ ಇಲ್ಲ. ಪ್ರೂಸ್‌ಗೆ ಬದುಕಿಡೀ ಬಯಲಿನ ಭಯ, ಎತ್ತರದ ಭಯ ಕಾಡಿತು. ನಗರದ ಮೂಲೆಮೂಲೆಯ ಬಗ್ಗೆ ಬರೆಯಬೇಕಾದವನಿಗೆ ಇಂಥ ಕಾಟ!

ದಂಗೆ ಸೋತಿತು. ನೇಣು, ಸೈಬೀರಿಯ, ಜಮೀನು ಜಪ್ತಿ. ಶಾಲೆಗಳಲ್ಲಿ ರಷ್ಯನ್ ಬಂತು. ಆ ಸೋಲಿನಿಂದ ಒಂದು ತಲೆಮಾರು ಬೇರೆ ಪಾಠ ಕಲಿಯಿತು. ಕತ್ತಿ ಹಿಡಿದರೆ ಸಾಯುತ್ತೇವೆ, ಆದ್ದರಿಂದ ಶಾಲೆ ಕಟ್ಟೋಣ, ಕಾರ್ಖಾನೆ ಕಟ್ಟೋಣ, ರೈತನಿಗೆ ಓದು ಕಲಿಸೋಣ ಅಂತ. ವಾರ್ಸಾದ ಪಾಸಿಟಿವಿಸ್ಟರು ಅಂದರೆ ಇವರೇ. ಪ್ರೂಸ್ ಗಣಿತ, ಭೌತಶಾಸ್ತ್ರ ಓದಲು ಸೇರಿ ದುಡ್ಡಿಲ್ಲದೆ ಬಿಟ್ಟ. ಅರಣ್ಯಶಾಸ್ತ್ರಕ್ಕೆ ಸೇರಿ ಅಲ್ಲಿಂದಲೂ ಹೊರಬಿದ್ದ. ವಾರ್ಸಾದ ದೊಡ್ಡ ಕಬ್ಬಿಣದ ಕಾರ್ಖಾನೆಯಲ್ಲಿ ಕೈಕೆಲಸವನ್ನೂ ಮಾಡಿದ. 1872ರ ಹೊತ್ತಿಗೆ ಪತ್ರಿಕೆಗಳಿಗೆ ಬರೆಯತೊಡಗಿದ. ಮರುವರ್ಷ ಒಂದು ಸಾರ್ವಜನಿಕ ಉಪನ್ಯಾಸ ಕೊಟ್ಟ. ವಿಷಯ, ಶೋಧನೆ ಮತ್ತು ಆವಿಷ್ಕಾರ. ಹೊಸದನ್ನು ಕಂಡುಹಿಡಿಯುವುದು ಅದೃಷ್ಟವಲ್ಲ, ಅದಕ್ಕೂ ಒಂದು ಶಾಸ್ತ್ರ ಕಟ್ಟಬಹುದು ಅಂತ ಅವನ ವಾದ. ಈ ಎಂಜಿನಿಯರ್ ಬುದ್ಧಿ ಕೊನೆಯವರೆಗೂ ಹೋಗಲಿಲ್ಲ.

ಅಂಕಣವೇ ಯಾಕೆ ಅಂತ ಕೇಳಬಹುದು. ಪತ್ರಿಕೆಯ ಪ್ರತಿ ಸಾಲೂ ರಷ್ಯನ್ ಸೆನ್ಸಾರ್ ಕಣ್ಣು ದಾಟಬೇಕಿತ್ತು. ರಾಜಕೀಯದ ಮಾತೇ ಇಲ್ಲ. 1863ರ ದಂಗೆಯನ್ನು ನೇರವಾಗಿ ಹೆಸರಿಸುವಂತಿರಲಿಲ್ಲ. ಉಳಿದದ್ದೇನು? ಮೋರಿ, ಟ್ರಾಂ, ಬಾಡಿಗೆ, ಸರ್ಕಸ್, ಧರ್ಮಾರ್ಥ ನೃತ್ಯಕೂಟ, ರೊಟ್ಟಿಯ ಬೆಲೆ. ಬೇರೆ ದಾರಿಯಿಲ್ಲದೆ ಪತ್ರಿಕೆಗಳು ಸಣ್ಣ ವಿಷಯಕ್ಕಿಳಿದವು. ಪ್ರೂಸ್ ಮಾತ್ರ ಸಣ್ಣ ವಿಷಯವನ್ನೇ ಪ್ರೀತಿಸಿದ. 1870ರ ದಶಕದ ಮಧ್ಯದಿಂದ 'ಕುರಿಯೆರ್ ವರ್ಶಾವ್ಸ್ಕಿ'ಯಲ್ಲಿ, 1887ರಿಂದ 'ಕುರಿಯೆರ್ ತ್ಸೊಜಿಯೆನ್ನಿ'ಯಲ್ಲಿ, ಕೊನೆಯ ವರ್ಷಗಳಲ್ಲಿ 'ತಿಗೋದ್ನಿಕ್ ಇಲುಸ್ತ್ರೊವಾನಿ' ವಾರಪತ್ರಿಕೆಯಲ್ಲಿ ಬರೆದ. ನಡುವೆ 1882ರಲ್ಲಿ ಒಂದು ದಿನಪತ್ರಿಕೆಗೆ ತಾನೇ ಸಂಪಾದಕನಾದ. ಓದುಗರಿಗೆ ಸಮಾಜದ ನಿಜ ಸ್ಥಿತಿಯ ಅಂಕಿಅಂಶ ಕೊಡುತ್ತೇನೆ, ಪತ್ರಿಕೆಯನ್ನು ವೀಕ್ಷಣಾಲಯ ಮಾಡುತ್ತೇನೆ ಅಂತ ಹೊರಟ. ವರ್ಷ ತುಂಬುವ ಮೊದಲೇ ಅದು ಮುಚ್ಚಿತು. ಅಂಕಿಅಂಶಕ್ಕೆ ಓದುಗರು ಸಿಗುವುದು ಯಾವ ಕಾಲದಲ್ಲೂ ಕಷ್ಟ ಅಲ್ವಾ?

ಕ್ರೊನಿಕಿಯ ರೂಪ ಹೀಗಿರುತ್ತದೆ. ವಾರದ ನಾಲ್ಕೈದು ಸುದ್ದಿ. ಒಂದರಿಂದ ಇನ್ನೊಂದಕ್ಕೆ ಹಾರಲು ಒಂದು ತಮಾಷೆ. ಆರಂಭದಲ್ಲಿ ಹವಾಮಾನದ ಗೊಣಗಾಟ ಇರಬಹುದು, ಆಮೇಲೆ ನಾಟಕದ ಸುದ್ದಿ, ಅಲ್ಲಿಂದ ಇದ್ದಕ್ಕಿದ್ದಂತೆ ಒಬ್ಬ ಚಮ್ಮಾರನ ಅಂಗಡಿಯಲ್ಲಿ ಹೊಡೆತ ತಿನ್ನುವ ಕೆಲಸ ಕಲಿಯುವ ಹುಡುಗ. ನಗುತ್ತಿದ್ದ ಓದುಗ ಆ ಹುಡುಗನ ಮುಂದೆ ನಿಲ್ಲಬೇಕಾಗುತ್ತದೆ. ಪ್ರೂಸ್‌ನ ಹಾಸ್ಯಕ್ಕೆ ಇರುವ ಕೆಲಸವೇ ಇದು. ಅಳಿಸಲು ಹೊರಟ ಲೇಖಕರು ಮೊದಲ ಸಾಲಿನಲ್ಲೇ ಗೊತ್ತಾಗಿಬಿಡುತ್ತಾರೆ, ಪ್ರೂಸ್ ಗೊತ್ತಾಗುವುದಿಲ್ಲ.

ಈ ಕೆಲಸಕ್ಕೆ ಅವನು ತೆತ್ತ ಬೆಲೆಯೂ ಇದೆ. 1878ರಲ್ಲಿ ವ್ಲೊಜಿಮಿಯೆಷ್ ಸ್ಪಾಸೊವಿಚ್ ಎಂಬ ಪ್ರಸಿದ್ಧ ವಕೀಲ, ವಿಮರ್ಶಕ ಒಬ್ಬ ಕವಿಯ ಬಗ್ಗೆ ಭಾಷಣ ಮಾಡಿದ. ಅದರ ಬಗ್ಗೆ ಪ್ರೂಸ್ ಬರೆದದ್ದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಹಿಡಿಸಲಿಲ್ಲ. ಮಾತು ವಾಪಸ್ ತೆಗೆದುಕೋ ಅಂದರು, ಅವನು ಒಪ್ಪಲಿಲ್ಲ. ಮಾರ್ಚ್ 26ರಂದು ಮನೆಯ ಹೊರಗೇ ಸುತ್ತುವರಿದರು. ಒಬ್ಬ ಕೆನ್ನೆಗೆ ಬಾರಿಸಿದ. ಪೊಲೀಸರು ಬಂದರು, ಪ್ರೂಸ್ ದೂರು ಕೊಡಲಿಲ್ಲ. ಎದುರಿಗಿದ್ದದ್ದು ರಷ್ಯನ್ ಪೊಲೀಸ್, ಹುಡುಗರು ಪೋಲಿಷರು. ದೂರು ಕೊಟ್ಟಿದ್ದರೆ ಆ ಹುಡುಗರ ಗತಿ ಏನಾಗುತ್ತಿತ್ತು ಅಂತ ಸೆರೆಮನೆ ನೋಡಿ ಬಂದವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಆ ಅವಮಾನವನ್ನು ಅವನು ಮರೆಯಲೂ ಇಲ್ಲ. ಎಷ್ಟೋ ವರ್ಷಗಳ ಮೇಲೆ, 1895ರಲ್ಲಿ ಪ್ಯಾರಿಸ್‌ಗೆ ಹೋದಾಗಲೂ ಅದು ಹಸಿಯಾಗಿಯೇ ಇತ್ತು.

ಈಗ ಅವನ ಸಾಮಾಜಿಕ ನಿಲುವುಗಳಿಗೆ ಬರೋಣ. ಇಲ್ಲಿ ನನ್ನ ವಾದ ಒಂದಿದೆ. ಪ್ರೂಸ್‌ನ ಒಳ್ಳೆಯತನ ಮತ್ತು ಅವನ ಕುರುಡು ಎರಡೂ ಒಂದೇ ಜಾಗದಿಂದ ಬರುತ್ತವೆ. ಇಂಗ್ಲೆಂಡಿನ ತತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರ್‌ನನ್ನು ಅವನು ಬಹಳ ಮೆಚ್ಚಿ ಓದಿದ್ದ. ಸ್ಪೆನ್ಸರ್ ಪ್ರಕಾರ ಸಮಾಜ ಅಂದರೆ ಒಂದು ದೇಹ, ವರ್ಗಗಳು ಅದರ ಅಂಗಗಳು. ಪ್ರತಿ ಅಂಗವೂ ತನ್ನ ಕೆಲಸ ಮಾಡಿ ಉಳಿದವುಗಳ ಜೊತೆ ಕೊಟ್ಟು ತೆಗೆದುಕೊಳ್ಳಬೇಕು. 1901ರಲ್ಲಿ ಪುಸ್ತಕವಾಗಿ ಬಂದ ಅವನ ಜೀವನಾದರ್ಶಗಳ ವಿಚಾರದಲ್ಲಿ ಮೂರು ಗುರಿಗಳಿವೆ. ಸುಖ, ಪರಿಪೂರ್ಣತೆ, ಉಪಯುಕ್ತತೆ. ಅಂಕಣಗಳನ್ನು ಓದಿದರೆ ಮೂರನೆಯದೇ ಅವನ ಮನೆದೇವರು ಅನಿಸುತ್ತದೆ. ಒಬ್ಬ ಮನುಷ್ಯನನ್ನು ಕಂಡರೆ ಅವನ ಕುಲ ಯಾವುದು ಅಂತ ಪ್ರೂಸ್ ಕೇಳುವುದಿಲ್ಲ. ನೀನು ಏನು ಮಾಡುತ್ತೀಯ, ಅದರಿಂದ ಯಾರಿಗೆ ಏನು ಉಪಯೋಗ ಅಂತ ಕೇಳುತ್ತಾನೆ.

ಜಮೀನ್ದಾರರ ಮುಂದೆ ಈ ಪ್ರಶ್ನೆ ಇಟ್ಟಾಗ ಮಜಾ ಇರುತ್ತದೆ. ತಲೆಮಾರುಗಟ್ಟಲೆ ಕೂತು ತಿಂದವರು, ಸಾಲ ಮಾಡಿ ಪ್ಯಾರಿಸ್‌ಗೆ ಹೋಗುವವರು, ವ್ಯಾಪಾರ ಅಂದರೆ ಮೂಗು ಮುರಿಯುವವರು. ತಾನೂ ಬಡ ಕುಲೀನ ಮನೆತನದವನೇ, ಅದಕ್ಕೇ ಏಟು ಸರಿಯಾದ ಜಾಗಕ್ಕೆ ಬೀಳುತ್ತದೆ. ಬಡವರ ಹೆಸರಿನಲ್ಲಿ ನಡೆಯುವ ನೃತ್ಯಕೂಟಗಳನ್ನಂತೂ ಅವನು ಬಿಟ್ಟವನೇ ಅಲ್ಲ. ಉಡುಪಿಗೆ, ಹೂವಿಗೆ, ಗಾಡಿಗೆ ಎಷ್ಟು ಹೋಯಿತು, ಬಡವರ ಡಬ್ಬಿಗೆ ಎಷ್ಟು ಬಿತ್ತು? ಗಣಿತ ಓದಿದವನ ಕೈಗೆ ಸಿಕ್ಕರೆ ದಾನಕ್ಕೂ ಲೆಕ್ಕ ಒಪ್ಪಿಸಬೇಕಾಗುತ್ತದೆ. 'ಲಾಲ್ಕಾ'ದಲ್ಲಿ ಇಜಾಬೆಲಾ ಎಂಬ ಕುಲೀನ ಮನೆತನದ ಹೆಣ್ಣು ಚರ್ಚಿನಲ್ಲಿ ಕೂತು ಬಡವರಿಗಾಗಿ ದುಡ್ಡು ಎತ್ತುವ ಪ್ರಸಂಗ ಓದಿದ್ದರೆ ಅದರ ಬೇರು ಈ ಅಂಕಣಗಳಲ್ಲಿದೆ.

ಕೆಳಗಿನವರ ಮುಂದೆ ಅದೇ ಪ್ರಶ್ನೆ ಕರುಣೆಯಾಗಿ ತಿರುಗುತ್ತದೆ. ನದಿಯಂಚಿನ ಪೊವಿಶ್ಲೆ ಎಂಬ ಬಡವರ ಕೇರಿ, ಸರಿಯಾದ ಕೂಲಿ ಸಿಗದ ಹೊಲಿಗೆ ಹೆಂಗಸರು, ಅಂಗಳ ಕಾಯುವವರು, ಮಾಲೀಕನ ಕೈಯಲ್ಲಿ ಒದೆ ತಿನ್ನುವ ಹುಡುಗರು. ಇವರು ಕೆಲಸ ಮಾಡುತ್ತಿದ್ದಾರೆ, ದೇಹಕ್ಕೆ ಉಪಯೋಗವಾಗುತ್ತಿದ್ದಾರೆ, ಹಾಗಿದ್ದರೆ ದೇಹ ಇವರಿಗೆ ಏನು ಕೊಟ್ಟಿತು? ಉಳಿತಾಯ ಸಂಘ, ಅಗ್ಗದ ಸಾಲ, ಸ್ನಾನದ ಮನೆ, ವಾಚನಾಲಯ, ಕಸುಬಿನ ಶಾಲೆ, ಇಂಥವುಗಳ ಬಗ್ಗೆ ಎಷ್ಟು ಸಲ ಬರೆದರೂ ಅವನಿಗೆ ದಣಿವಿಲ್ಲ. ಒಮ್ಮೊಮ್ಮೆ ಓದುವ ನಮಗೇ ದಣಿವಾಗುತ್ತದೆ, ನಿಜ ಹೇಳಬೇಕೆಂದರೆ.

ಆದರೆ ಅದೇ ಕೆಲಸಗಾರ ಮುಷ್ಕರ ಹೂಡಿದರೆ? ಅಲ್ಲಿ ಪ್ರೂಸ್‌ಗೆ ಕಸಿವಿಸಿ. ದೇಹದ ಕೈ ಹೊಟ್ಟೆಯ ಮೇಲೆ ಜಗಳಕ್ಕೆ ಹೋಗಬಾರದು ಅಂತ ಸ್ಪೆನ್ಸರ್‌ನ ಶಿಷ್ಯ ನಂಬಿದ್ದ. ಸಮಾಜವಾದವನ್ನು ಅವನು ಒಪ್ಪಲಿಲ್ಲ. 1905ರ ಕ್ರಾಂತಿಯ ಆಮೇಲೆ ಬರೆದ 'ಮಕ್ಕಳು' ಎನ್ನುವ ಕಾದಂಬರಿಯಲ್ಲಿ ಕ್ರಾಂತಿಕಾರಿ ಹುಡುಗರನ್ನು ಕಂಡು ಅವನಿಗೆ ಅಯ್ಯೋ ಅನಿಸುತ್ತದೆ, ಭಯವೂ ಆಗುತ್ತದೆ. ತಾನೇ ಹದಿನಾರರಲ್ಲಿ ಬಂದೂಕು ಹಿಡಿದು ಹೋಗಿದ್ದವನು. ಆ ಭಯ ಎಲ್ಲಿಂದ ಬಂತು ಅಂತ ಊಹಿಸುವುದು ಕಷ್ಟವಲ್ಲ.

ಹೆಂಗಸರ ವಿಷಯದಲ್ಲೂ ಇದೇ ಎಳೆದಾಟ. 1863ರ ಆಮೇಲೆ ಎಷ್ಟೋ ಮನೆಗಳಲ್ಲಿ ಗಂಡಸರು ಇಲ್ಲ, ಜಮೀನೂ ಇಲ್ಲ. ಪಿಯಾನೊ, ಫ್ರೆಂಚ್ ಕಲಿತ ಹೆಣ್ಣುಮಕ್ಕಳು ಬೀದಿಗೆ ಬಿದ್ದರು. ಅವರಿಗೆ ಕಸುಬು ಕಲಿಸಿ, ಸಂಬಳ ಕೊಡಿ ಅಂತ ಪ್ರೂಸ್ ಒತ್ತಿ ಹೇಳಿದ. ಅದೇ ಹೆಂಗಸರು ಸಂಘ ಕಟ್ಟಿ ಹಕ್ಕಿನ ಭಾಷಣ ಮಾಡಿದರೆ ಮಾತ್ರ ಅವನಿಗೆ ನಗು ಬರುತ್ತಿತ್ತು. 1890ರ ದಶಕದ 'ಎಮಾನ್ತ್ಸಿಪಾಂತ್ಕಿ' ಅಂದರೆ 'ಬಿಡುಗಡೆ ಕೇಳುವ ಹೆಂಗಸರು' ಎನ್ನುವ ಕಾದಂಬರಿಯಲ್ಲಿ ಆ ನಗು ಸ್ವಲ್ಪ ಜಾಸ್ತಿಯೇ ಆಯಿತು. ದುಡಿಯುವ ಹೆಣ್ಣು ಅವನಿಗೆ ಅರ್ಥವಾಗುತ್ತಾಳೆ, ಕೇಳುವ ಹೆಣ್ಣು ಅಷ್ಟಾಗಿ ಆಗುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ಭಾಗ ಯಹೂದಿಗಳ ಕುರಿತು ಬರೆದದ್ದು. ಇದರಲ್ಲಿ ಸ್ವಲ್ಪ ನಿಲ್ಲಬೇಕು. 1897ರ ಜನಗಣತಿಯ ಹೊತ್ತಿಗೆ ವಾರ್ಸಾದಲ್ಲಿ ಸುಮಾರು 6 ಲಕ್ಷ 84 ಸಾವಿರ ಜನ, ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಯಹೂದಿಗಳು. 1881ರ ಕ್ರಿಸ್‌ಮಸ್ ದಿನ ಹೋಲಿ ಕ್ರಾಸ್ ಚರ್ಚಿನಲ್ಲಿ ಯಾರೋ ಬೆಂಕಿ ಅಂತ ಕೂಗಿದರು. ಬೆಂಕಿ ಇರಲಿಲ್ಲ, ಆದರೆ ಕಾಲ್ತುಳಿತದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಜನ ಸತ್ತರು. ಕೂಗಿದವರು ಯಹೂದಿ ಜೇಬುಗಳ್ಳರು ಎಂಬ ಗಾಳಿಸುದ್ದಿ ಹಬ್ಬಿ ಮೂರು ದಿನ ಯಹೂದಿಗಳ ಮನೆ, ಅಂಗಡಿಗಳ ಮೇಲೆ ದಾಳಿ ನಡೆಯಿತು. ಸಮಾನತೆ ಬಂದೇಬಿಟ್ಟಿತು ಅಂದುಕೊಂಡಿದ್ದ ಪಾಸಿಟಿವಿಸ್ಟರಿಗೆ ಇದು ದೊಡ್ಡ ಪೆಟ್ಟು. 1883ರಲ್ಲಿ ಯಾನ್ ಯೆಲೆನ್ಸ್ಕಿ 'ರೋಲಾ' ಎಂಬ ವಾರಪತ್ರಿಕೆ ಶುರು ಮಾಡಿದ, ಯಹೂದಿ ದ್ವೇಷವೇ ಅದರ ಬಂಡವಾಳ. ಪ್ರೂಸ್ ಅದನ್ನು ಗೇಲಿ ಮಾಡಿ ಬರೆದ. ಬಡ ಯಹೂದಿ ಕುಶಲಕರ್ಮಿಗಳ ಬಗ್ಗೆ, ಬೆನ್ನು ಮುರಿಯುವ ಹೊರೆ ಹೊರುವವರ ಬಗ್ಗೆ ಮನಸ್ಸು ಕರಗುವ ಹಾಗೆ ಬರೆದ. ಯಹೂದಿಗಳೆಲ್ಲ ಶ್ರೀಮಂತ ಬ್ಯಾಂಕರ್‌ಗಳು ಅಂತ ನಂಬಿದ್ದ ಓದುಗನಿಗೆ ಅದು ಬೇಕಾಗಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವನ ಪರಿಹಾರ ಏನೆಂದರೆ, ಉದ್ದ ಕೋಟು ಬಿಡಿ, ವ್ಯಾಪಾರ ಕಡಿಮೆ ಮಾಡಿ ಕಸುಬಿಗೆ ಬನ್ನಿ, ಪೋಲಿಷ್ ಕಲಿಯಿರಿ, ನಿಮ್ಮ ಮನೆಮಾತು ಯಿಡ್ಡಿಷ್ ಬಿಡಿ. ಯಿಡ್ಡಿಷ್ ಅನ್ನು ಆ ಕಾಲದ ಸುಶಿಕ್ಷಿತರು ಭಾಷೆ ಅಂತಲೇ ಎಣಿಸುತ್ತಿರಲಿಲ್ಲ, ಕಲಬೆರಕೆ ಮಾತು ಅನ್ನುತ್ತಿದ್ದರು. ಯಹೂದಿಗಳಲ್ಲೇ ಪೋಲಿಷ್ ಕಲಿತ ಒಂದು ವರ್ಗಕ್ಕೂ ಅದೇ ಅಭಿಪ್ರಾಯವಿತ್ತು, ಆದ್ದರಿಂದ ತಪ್ಪೆಲ್ಲ ಪ್ರೂಸ್ ತಲೆಗೆ ಕಟ್ಟುವಂತಿಲ್ಲ. ಆದರೂ ಪರಿಸ್ಥಿತಿ ನೋಡಿ. ಅವನ ಸ್ವಂತ ಭಾಷೆಯನ್ನು ಝಾರ್ ಸರ್ಕಾರ ಶಾಲೆಯಿಂದ ಓಡಿಸಿತ್ತು. 1869ರಿಂದ ವಾರ್ಸಾದ ವಿಶ್ವವಿದ್ಯಾಲಯ ಪಾಠ ಹೇಳುತ್ತಿದ್ದದ್ದು ರಷ್ಯನ್‌ನಲ್ಲಿ. ದೊಡ್ಡ ರಾಜ್ಯದಲ್ಲಿ ಬೆರೆತುಹೋಗಿ, ನಿಮಗೇ ಒಳ್ಳೆಯದು ಅಂತ ಪೋಲಿಷರಿಗೆ ರಷ್ಯನ್ ಅಧಿಕಾರಿಗಳು ಹೇಳುತ್ತಿದ್ದರು. ಆ ಮಾತು ಎಷ್ಟು ನೋಯಿಸುತ್ತದೆ ಅಂತ ಚೆನ್ನಾಗಿ ಗೊತ್ತಿದ್ದವನೇ ಪಕ್ಕದ ಬೀದಿಯವರಿಗೆ ಅದನ್ನೇ ಹೇಳಿದ. ನನಗೆ ಇಲ್ಲಿ ಪ್ರೂಸ್ ಮೇಲೆ ನಿಜವಾಗಿ ಸಿಟ್ಟು ಬರುತ್ತದೆ. ಭಾಷೆಯ ವಿಷಯಕ್ಕೆ ಬೇಗ ಬಿಸಿಯಾಗುವವರು ನಾವು, ಕಾರಣ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವಾರ್ಸಾದಲ್ಲಿ ಆಗ ಐ. ಎಲ್. ಪೆರೆತ್ಸ್ ಎಂಬ ಯಹೂದಿ ಲೇಖಕ ಇದ್ದ. ಹುಟ್ಟಿದ್ದು ಜಮೋಶ್ಚ್‌ನಲ್ಲಿ, ಪ್ರೂಸ್ ಹುಟ್ಟಿದ ಊರಿಗೆ ದೂರವೇನಲ್ಲ. ವಯಸ್ಸಿನಲ್ಲಿ ಐದು ವರ್ಷ ಚಿಕ್ಕವನು. 1891ರಿಂದ ವಾರ್ಸಾದ ಯಹೂದಿ ಸಮುದಾಯದ ಕಚೇರಿಯಲ್ಲಿ ಗುಮಾಸ್ತನಾಗಿ ದುಡಿಯುತ್ತಾ, ಆ ಕಲಬೆರಕೆ ಮಾತಿನಲ್ಲೇ ಆಧುನಿಕ ಯಿಡ್ಡಿಷ್ ಸಾಹಿತ್ಯ ಕಟ್ಟುತ್ತಿದ್ದ. ದೇಹದ ಲೆಕ್ಕಕ್ಕೆ ಇದು ಹೇಗೆ ಸಿಗಬೇಕು? ಒಂದೇ ದೇಹ, ಒಂದೇ ಭಾಷೆ ಅಂತ ಹೊರಟವನಿಗೆ ಪಕ್ಕದಲ್ಲಿ ಇನ್ನೊಂದು ಪೂರ್ತಿ ದೇಹ ಎದ್ದು ನಿಂತರೆ ಅದು ಗಡ್ಡೆಯ ಹಾಗೆ ಕಾಣುತ್ತದೆ. ವಾರ್ಸಾದ ಯಹೂದಿಗಳು ಪೋಲಿಷ್‌ನಲ್ಲಿ ನಡೆಸುತ್ತಿದ್ದ 'ಇಜ್ರಾಯೆಲಿತಾ' ಪತ್ರಿಕೆ ಅವನ ಜೊತೆ ವಾದಕ್ಕಿಳಿಯಿತು. ಯಹೂದಿಗಳಿಗೆ ತಮ್ಮದೇ ನಾಡು ಬೇಕು ಎನ್ನುವ ಜಿಯೊನಿಸ್ಟ್ ಚಳವಳಿ ಬಂದು, ರಷ್ಯದ ಕಡೆಯಿಂದ ಯಹೂದಿಗಳು ವಲಸೆ ಬಂದ ಮೇಲೆ ಪ್ರೂಸ್‌ನ ದನಿ ಇನ್ನೂ ಗಡುಸಾಯಿತು. 1880ರ ಅಂಕಣ ಓದಿ ಅವನನ್ನು ಯಹೂದಿಗಳ ಗೆಳೆಯ ಅನ್ನುವವರೂ ಇದ್ದಾರೆ. 1910ರ ಹೊತ್ತಿನದನ್ನು ಓದಿ ದ್ವೇಷಿ ಅನ್ನುವವರೂ ಇದ್ದಾರೆ. ನನ್ನ ಪ್ರಕಾರ ಅವನು ಎರಡೂ ಕಾಲದಲ್ಲಿ ಅದೇ ಪ್ರಶ್ನೆಯನ್ನೇ ಕೇಳಿದ, ನಮಗೆ ನೀವು ಏನು ಉಪಯೋಗ ಅಂತ. ಬಡ ಕುಶಲಕರ್ಮಿಗೆ ಆ ಪ್ರಶ್ನೆ ಹಾಕಿದಾಗ ಉತ್ತರ ಚೆನ್ನಾಗಿ ಬಂತು. ತನ್ನದೇ ದಾರಿ ಹಿಡಿದು ಹೊರಟ ಸಮುದಾಯದ ಮುಂದೆ ಇಟ್ಟಾಗ ಪ್ರಶ್ನೆಯೇ ಕೆಟ್ಟಿತು.

ಇದರ ಜೊತೆಗೆ ಇನ್ನೊಂದು ವಿಷಯವನ್ನೂ ಹೇಳಬೇಕು. ಕಾದಂಬರಿಕಾರ ಪ್ರೂಸ್ ಅಂಕಣಕಾರ ಪ್ರೂಸ್‌ಗಿಂತ ಜಾಣ. 'ಲಾಲ್ಕಾ' 1887ರಿಂದ 1889ರವರೆಗೆ 'ಕುರಿಯೆರ್ ತ್ಸೊಜಿಯೆನ್ನಿ'ಯಲ್ಲಿ ಧಾರಾವಾಹಿಯಾಗಿ ಬಂತು. ಅಂಕಣ ಬರುತ್ತಿದ್ದ ಪತ್ರಿಕೆಯೇ, ಕೈಯೂ ಅದೇ. ಹೆಸರು ಬಂದದ್ದು ಪತ್ರಿಕೆಯಲ್ಲಿ ಓದಿದ ಗೊಂಬೆ ಕಳ್ಳತನದ ಒಂದು ಮೊಕದ್ದಮೆಯಿಂದ ಅಂತ ಮುಂದೆ ತಾನೇ ಹೇಳಿದ. ಪೊವಿಶ್ಲೆಯ ಬಡತನ, ನದಿದಂಡೆಗೆ ಕಟ್ಟೆ ಕಟ್ಟುವ ಕನಸು, ಹೊಸ ಲೋಹದ ಆವಿಷ್ಕಾರ, ಎಲ್ಲ ಅಂಕಣದ ಸರಕೇ. ಆದರೆ ಅಂಕಣದಲ್ಲಿ ಉಪಯೋಗ ಎಲ್ಲಕ್ಕೂ ಮದ್ದು. ಕಾದಂಬರಿಯ ನಾಯಕ ವೊಕುಲ್ಸ್ಕಿ ಎಲ್ಲ ರೀತಿಯಲ್ಲೂ ಉಪಯುಕ್ತ ಮನುಷ್ಯ. ವ್ಯಾಪಾರ ಬೆಳೆಸಿದ, ಬಡವರಿಗೆ ಕೆಲಸ ಕೊಟ್ಟ, ವಿಜ್ಞಾನ ಓದಿದ. ಆದರೂ ಆ ಕುಲೀನ ಮನೆತನದ ಇಜಾಬೆಲಾಳ ಹಿಂದೆ ಬಿದ್ದು ಹಾಳಾಗುತ್ತಾನೆ. ಯಹೂದಿ ವೈದ್ಯ ಶುಮನ್ ಆ ಕಾದಂಬರಿಯಲ್ಲಿ ಎಲ್ಲರಿಗಿಂತ ಚೂಪಾಗಿ ಯೋಚಿಸುವವನು. ತನ್ನವರ ಮೇಲೂ ಸಿಟ್ಟು, ಪೋಲಿಷರ ಮೇಲೂ ಸಿಟ್ಟು. ಅಂಥ ಮನುಷ್ಯನಿಗೆ ಅಂಕಣದ ಅಳತೆ ಹೊಂದುವುದೇ ಇಲ್ಲ. ಮಾಡಬೇಕಾದ್ದನ್ನೆಲ್ಲ ಮಾಡಿದ ಮನುಷ್ಯ ಯಾಕೆ ಸೋತ ಎನ್ನುವ ಪ್ರಶ್ನೆಗೆ ವಾರದ ಕ್ರೊನಿಕಿಯಲ್ಲಿ ಜಾಗವಿರಲಿಲ್ಲ, ಕಾದಂಬರಿಯಲ್ಲಿ ಇತ್ತು. ವಾರ್ಸಾದ ಕ್ರಾಕೊವ್ಸ್ಕಿಯೆ ಪ್ಶೆದ್ಮಿಯೆಶ್ಚೆ ಬೀದಿಗೆ ಹೋದರೆ ವೊಕುಲ್ಸ್ಕಿ ಇಲ್ಲಿ ವಾಸವಾಗಿದ್ದ ಅಂತ ಗೋಡೆಯ ಮೇಲೆ ಫಲಕವೇ ಇದೆ. ಇಲ್ಲದ ಮನುಷ್ಯನಿಗೆ ವಿಳಾಸ ಕೊಟ್ಟ ಊರು ಅದು.

ಕೊನೆಯ ವರ್ಷಗಳು ಸುಖದವಲ್ಲ. ಸಾಕುಮಗ ಎಮಿಲ್ 1904ರಲ್ಲಿ, ಹದಿನೇಳರ ಹುಡುಗ, ಗುಂಡು ಹಾರಿಸಿಕೊಂಡು ಸತ್ತ. ಅದೇ ಕಾಲದ ಇನ್ನೊಬ್ಬ ಪೋಲಿಷ್ ಕಾದಂಬರಿಕಾರ ಸೆಂಕೆವಿಚ್‌ಗೆ ಮರುವರ್ಷ ನೊಬೆಲ್ ಬಂತು. ಅವನ 'ಬೆಂಕಿ ಮತ್ತು ಕತ್ತಿ' ಕಾದಂಬರಿಯಲ್ಲಿ ಇತಿಹಾಸ ಸರಿಯಿಲ್ಲ, ಉಕ್ರೇನಿನ ಕೊಸಾಕ್ ಯೋಧರಿಗೆ ಅನ್ಯಾಯವಾಗಿದೆ ಅಂತ 1884ರಲ್ಲೇ ಪ್ರೂಸ್ ಧೈರ್ಯವಾಗಿ ಬರೆದಿದ್ದ. ಓದುಗರು ಪ್ರೀತಿಸಿದ್ದು ಮಾತ್ರ ಸೆಂಕೆವಿಚ್‌ನನ್ನೇ ಜಾಸ್ತಿ. ಪ್ರೂಸ್ ಕಾಯಿಲೆಯ ನಡುವೆಯೂ ಅಂಕಣ ಬರೆಯುತ್ತಲೇ ಇದ್ದ. 1912ರ ಮೇ 19ರಂದು ತೀರಿಕೊಂಡ. ಉಯಿಲಿನಲ್ಲಿ ಜಾಣ ಹಳ್ಳಿ ಮಕ್ಕಳ ಓದಿಗೆ ವಿದ್ಯಾರ್ಥಿವೇತನ ಇಟ್ಟಿದ್ದ. ಅಂಕಣದಲ್ಲಿ ಬೇರೆಯವರ ದಾನದ ಲೆಕ್ಕ ಕೇಳುತ್ತಿದ್ದವನು ತನ್ನ ಲೆಕ್ಕವನ್ನೂ ಒಪ್ಪಿಸಿ ಹೋದ.